ಕುಕ್ಕಪ್ಪ ಗೌಡರ ಗಡಿಕಲ್ಲು

ಜಡಿಮಳೆಯ ಆಟಿ ತಿಂಗಳ ಆ ಸಂಜೆ ಕೊಲ್ಲಮೊಗ್ರಿಗೆ ಹೋಗುವ ಬಸ್ಸು ಸೇತುವೆಯ ಈಚೆಗೇ ನಿಂತುಬಿಟ್ಟಿತು. ಹೊಳೆ ಸೇತುವೆಯ ಮೇಲಿಂದಲೇ ಹರಿಯುತ್ತಿತ್ತು. ನೀರು ಇಳಿಯದೆ ಬಸ್ಸು ಅಲ್ಲಾಡುವುದಿಲ್ಲ ಎಂದು ಡ್ರೈವರ್ ಬೀಡಿ ಹಚ್ಚಿದ. ಪ್ರಯಾಣಿಕರಾದ ನಾವು ಎಂಟು ಜನ ಕೊಡೆ ಬಿಚ್ಚಲೂ ಪುರುಸೊತ್ತಿಲ್ಲದೆ ದಾರಿಬದಿಯ ಚಹಾದಂಗಡಿಗೆ ಓಡಿದೆವು. ಅದು ಅರುವತ್ತೆಂಟನೆಯ ಇಸವಿ. ನಾನು ಆ ಊರಿನ ಶಾಲೆಗೆ ಹೊಸದಾಗಿ ವರ್ಗವಾಗಿ ಹೊರಟಿದ್ದ ಮಾಸ್ತರ. ಪರಿಚಯದವರು ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ಒಬ್ಬರು ಪುತ್ತೂರಿನಿಂದ ಪಾಲಿನ ವ್ಯಾಜ್ಯ ಮುಗಿಸಿ ಬರುತ್ತಿದ್ದರು. ಚಹಾ ಬಂದದ್ದೇ ಅವರ ಮಾತು ಅಲ್ಲಿಗೇ ತಿರುಗಿತು. ಗಡಿಕಲ್ಲು ಎರಡು ಮಾರು ಆಚೆ ಹೋದರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ರೆ, ಎಂದು ಅವರು ನಕ್ಕರು.

"ಗೊತ್ತಾಗ್ತದೆ" ಎಂದಿತು ಒಲೆಯ ಪಕ್ಕದ ಬೆಂಚಿನಿಂದ ಒಂದು ದನಿ.

ಅಲ್ಲಿ ಕೂತಿದ್ದವರು ಕುಂಞಿ ಮೋನು ಬ್ಯಾರಿ. ಮೂವತ್ತು ವರ್ಷ ಆ ದಾರಿಯಲ್ಲಿ ಎತ್ತಿನ ಗಾಡಿ ಹೊಡೆದವರು, ಎಪ್ಪತ್ತು ದಾಟಿದವರು. ಮನೆಮಾತು ಬ್ಯಾರಿಯಾದದ್ದರಿಂದಲೋ ಏನೋ, ಕನ್ನಡವನ್ನು ಅವರು ಪುಸ್ತಕ ಓದಿದ ಹಾಗೆ ನಿಧಾನವಾಗಿ, ಒಂದೊಂದೇ ಮಾತು ತೂಗಿ ಆಡುತ್ತಿದ್ದರು. ನಾವು ಬೆಂಚುಗಳನ್ನು ಅವರ ಕಡೆಗೆ ಎಳೆದುಕೊಂಡೆವು. ಅವರು ಹೇಳಿದ್ದು ಇದು.

ಕುಕ್ಕಪ್ಪ ಗೌಡರನ್ನು ನಿಮ್ಮಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಕಾಡಿನ ಅಂಚಿನಲ್ಲಿ ಹಂದಿ, ಆನೆಗಳ ಜೊತೆ ಗುದ್ದಾಡಿ ಗದ್ದೆ ಮಾಡಿದ ಮನುಷ್ಯ. ಅವರಿಗೆ ಮೂವರು ಮಕ್ಕಳು. ದೊಡ್ಡವ ಪದ್ಮಯ್ಯ, ಎರಡನೆಯವ ಪರಮೇಶ್ವರ, ಕೊನೆಯವಳು ಈಶ್ವರಿ. ಈಶ್ವರಿಯ ಗಂಡ ಮದುವೆಯಾದ ಮೂರನೆಯ ವರ್ಷವೇ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ, ಅವಳು ಅಪ್ಪನ ಮನೆಗೆ ಬಂದಳು. ಬಂದ ವರ್ಷವೇ ಗೌಡರಿಗೆ ಸೊಂಟದಿಂದ ಕೆಳಗೆ ಬಲ ಹೋಯಿತು. ಏಳು ವರ್ಷ... ಏಳು ವರ್ಷ ಅವರನ್ನು ಎತ್ತಿ ಕೂರಿಸಿದವಳು, ತೊಳೆದವಳು, ಗಂಜಿ ಕುಡಿಸಿದವಳು ಆ ಹುಡುಗಿ.

ಐವತ್ತೆರಡನೆಯ ಇಸವಿಯಲ್ಲಿ, ಕೊಯ್ಲು ಮುಗಿದ ಮೇಲೆ, ಗೌಡರು ಪಾಲು ಮಾಡಿದರು. ಅಂಗಳದಲ್ಲಿ ಎಲ್ಲವನ್ನೂ ಸಾಲಾಗಿ ಇಡಿಸಿದರು. ಕಂಚಿನ ಉರುಳಿ, ನೇಗಿಲು, ಕೋವಿ, ಹೆಂಡತಿಯ ಕಾಲದ ಮರದ ಪೆಟ್ಟಿಗೆ. ಹಟ್ಟಿಯಿಂದ ಎಮ್ಮೆಗಳನ್ನೂ ಬಿಡಿಸಿ ತಂದು ಕಟ್ಟಿಸಿದರು. ಇದು ನಿನಗೆ, ಇದು ನಿನಗೆ, ಎಂದು ಕೈ ತೋರಿಸಿದ್ದು ಅಷ್ಟೇ, ಒಬ್ಬರೂ ಎದುರಾಡಲಿಲ್ಲ. ಆಮೇಲೆ ಗಂಡುಮಕ್ಕಳಿಬ್ಬರೂ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಗದ್ದೆಗಳ ಸುತ್ತ ನಡೆದರು. ಪರಮೇಶ್ವರನದು ಗದ್ದೆಗಳ ನಡುವೆ ಹರಿಯುವ ತೋಡಿನ ಆಚೆ. ಮನೆ ಮತ್ತು ಬೈಲುಗದ್ದೆ ಪದ್ಮಯ್ಯನದು. ಬೈಲಿನ ತುದಿಯಲ್ಲಿ ಅರ್ಧ ಮುಡಿ ಬೀಜ ಬಿತ್ತುವಷ್ಟು ಒಂದು ಸಣ್ಣ ಗದ್ದೆ ಈಶ್ವರಿಗೆ. ಸಣ್ಣದು ಹೌದು, ಆದರೆ ಅದರಲ್ಲಿ ಒಂದು ಒರತೆ ಉಂಟು, ಬಿರುಬೇಸಗೆಯಲ್ಲೂ ಬತ್ತುವುದಿಲ್ಲ.

ಅಲ್ಲಿ ಗೌಡರು ಕುರ್ಚಿ ಇಳಿಸಲು ಹೇಳಿದರು. ಗುಂಡಿ ತೋಡಿಸಿದರು. ಮುಂದೆ ಯಾರಿಗೂ ಸಂಶಯ ಬಾರದ ಹಾಗೆ ಗುಂಡಿಯ ತಳಕ್ಕೆ ಮಣ್ಣಿನಲ್ಲಿ ಕೊಳೆಯದ ಇದ್ದಿಲು ಸುರಿಸಿ, ಅದರ ಮೇಲೆ ಮೊಣಕಾಲೆತ್ತರದ ಕಗ್ಗಲ್ಲು ನಿಲ್ಲಿಸಿದರು. ಇದ್ದಿಲಿನ ಬುಟ್ಟಿ ಹಿಡಿದು ನಿಂತವಳು ಈಶ್ವರಿ.

"ಪದ್ಮಯ್ಯ, ನಿನ್ನದು ಇಲ್ಲಿಗೆ ಮುಗೀತು. ಬಾಯಿ ಬಿಟ್ಟು ಹೇಳು."

"ಮುಗೀತು ಅಪ್ಪ."

"ಈ ಕಲ್ಲು ಅಲ್ಲಾಡಿದ್ರೆ ನಿನಗೂ ಬಿಡುಗಡೆ ಇಲ್ಲ, ನನಗೂ ಇಲ್ಲ."

ಮಳೆ ಹಿಡಿಯುವ ಮೊದಲೇ ಗೌಡರು ಹೋದರು. ಪರಮೇಶ್ವರ ತನ್ನ ಪಾಲನ್ನು ಗೇಣಿಗೆ ಕೊಟ್ಟು ಹೆಂಡತಿಯ ಊರು ಸೇರಿದ. ಪದ್ಮಯ್ಯನನ್ನು ಕೆಟ್ಟವನೆಂದು ನಾನು ಹೇಳುವುದಿಲ್ಲ. ದುಡಿಯುವವ. ಆದರೆ ಬೇಸಗೆ ಬಂದು ತನ್ನ ಗದ್ದೆಯೆಲ್ಲ ಒಡೆದು ನಿಂತಾಗ, ಕಲ್ಲಿನಾಚೆ ಹಸಿರಾಗಿರುವ ಅಷ್ಟು ನೆಲ ದಿನಾ ಕಣ್ಣಿಗೆ ಬೀಳುತ್ತದಲ್ಲ... ಹೇಳಿ, ಎಷ್ಟು ದಿನ ನೋಡಿಕೊಂಡಿರಬಹುದು ಒಬ್ಬ ಮನುಷ್ಯ? ಅಪ್ಪನ ವರ್ಷಾಂತದ ತಿಥಿ ಕಳೆಯುವವರೆಗೆ ತಡೆದ. ಕಳೆದ ಮರುವಾರ, ನಡುಮಧ್ಯಾಹ್ನ, ಹಾರೆ ಹಾಕಿ ಕಲ್ಲು ಕಿತ್ತ. ಒರತೆ ದಾಟಿಸಿ ಇಪ್ಪತ್ತು ಹೆಜ್ಜೆ ಆಚೆ ನೆಟ್ಟ. ಹಳೆಯ ಗುಂಡಿ ಮುಚ್ಚಿ, ಅದರ ಮೇಲೆ ಮೂರು ಸಲ ಹೂಡಿದ.

ಈಶ್ವರಿ ಓಡಿ ಬಂದಳು. "ಅಣ್ಣ, ಅದು ಅಪ್ಪ ಹಾಕಿಸಿದ ಕಲ್ಲು."

"ಯಾವ ಕಾಗದದಲ್ಲಿ ಉಂಟು? ತೋರಿಸು."

ಅವಳು ಒಳಗೆ ಹೋದಳು. ಬಟ್ಟೆಯ ಗಂಟು ಕಟ್ಟಿದಳು, ನನ್ನ ಗಾಡಿಯಲ್ಲೇ ಬಂದು ಬಸ್ಸು ಹತ್ತಿ ಕುಂಬ್ರದಲ್ಲಿದ್ದ ಗಂಡನ ಅಕ್ಕನ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಪದ್ಮಯ್ಯ ಸುಬ್ರಹ್ಮಣ್ಯದ ಪೇಟೆಗೆ ಹೊರಟ. ಬೇಲಿ ದಾಟಲು ಅಡ್ಡಮರ ಹಾಕಿದ ತಡಮೆ ಇರುತ್ತದಲ್ಲ, ಅದನ್ನು ದಾಟಿದ. ಹತ್ತು ಹೆಜ್ಜೆ ಇಟ್ಟ. ತಲೆಯೆತ್ತಿದರೆ... ಎದುರಿಗೆ ತನ್ನದೇ ಅಂಗಳ. ಹೆಂಡತಿ ದೇವಕಿ ಭತ್ತ ಹರಡುತ್ತಿದ್ದಳು.

"ಎಂತ, ಮರೆತು ಬಂದದ್ದಾ?"

"ಹಾಂ... ಸಂಚಿ."

ಸಂಚಿ ಸೊಂಟದಲ್ಲೇ ಇತ್ತು. ಮತ್ತೆ ಹೋದ. ಮತ್ತೆ ಅಂಗಳ. ಮೂರನೆಯ ಸಲ ಕಣ್ಣು ನೆಲದಿಂದ ಎತ್ತದೆ, ತನ್ನ ಪಾದಗಳನ್ನೇ ನೋಡುತ್ತ ನಡೆದ. ಪಾದ ತಿರುಗಲಿಲ್ಲ ಮಾರಾಯ್ರೆ, ದಾರಿಯೂ ತಿರುಗಲಿಲ್ಲ, ಆದರೂ ಬಂದು ನಿಂತದ್ದು ಹಟ್ಟಿಯ ಮುಂದೆ. ತೋಡಿನ ಕಡೆ ಹೋದ, ಗುಡ್ಡದ ಕಡೆ ಹೋದ, ಬೇಲಿ ಮುರಿದು ಮುಳ್ಳಿನಲ್ಲಿ ನುಗ್ಗಿದ. ಮೈಯೆಲ್ಲ ಗೀರಿಕೊಂಡು ಅದೇ ಬೇಲಿಯ ಒಳಗೇ ಬಿದ್ದ. ಬಿದ್ದಲ್ಲಿಂದ ಏಳುವಾಗ ಅವನ ಕಣ್ಣು ಬೈಲಿನ ತುದಿಗೆ ಹೋಯಿತು. ಕಲ್ಲಿನ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದರು. ತಲೆ ಎಡಕ್ಕೆ ಸ್ವಲ್ಪ ವಾಲಿತ್ತು. ಆ ವಾಲಿದ ತಲೆಯನ್ನು ಅವನು ಏಳು ವರ್ಷ ಕುರ್ಚಿಯಲ್ಲಿ ನೋಡಿದ್ದ.

ಹೆಂಡತಿಗೆ ಅಲ್ಲಿ ಯಾರೂ ಕಾಣಲಿಲ್ಲ. ಮಕ್ಕಳು ಶಾಲೆಗೆ ಹೋಗಿ ಬರುತ್ತಿದ್ದರು, ಆಳುಗಳು ಬರುತ್ತಿದ್ದರು, ಎಮ್ಮೆ ಕೂಡ ಬೇಲಿ ಹಾರಿ ಊರು ಸುತ್ತಿ ಬರುತ್ತಿತ್ತು. ಹೊರಗೆ ಕಾಲಿಡಲು ಆಗದ್ದು ಅವನೊಬ್ಬನಿಗೆ. ಒಂದು ದಿನವಲ್ಲ, ಎರಡು ದಿನವಲ್ಲ, ನಾಲ್ಕು ವರ್ಷ! ಊರವರಿಗೆ ವಾತ ಎಂದು ಹೇಳಿಸಿದ. ಒರತೆಯ ನೀರು ಗದ್ದೆಗೆ ಬಂತು, ಎರಡನೆಯ ಬೆಳೆಯೂ ಬಂತು, ಕಣಜ ತುಂಬಿತು. ತುಂಬಿದ ಕಣಜದ ಪಕ್ಕ ಕೂತು ಅವನು ತಡಮೆಯ ಆಚೆ ಹೋಗುವವರ ಮುಖ ನೋಡುತ್ತಿದ್ದ.

ಕಲ್ಲನ್ನು ವಾಪಸು ಇಡಬಾರದಿತ್ತಾ ಅಂತ ಕೇಳುತ್ತೀರಿ. ಇಡಲು ಹೊರಟ. ಎಲ್ಲಿ ಇಡುವುದು? ಗುಂಡಿಯ ಗುರುತೇ ಇಲ್ಲದ ಹಾಗೆ ಉತ್ತವನು ಅವನೇ ಅಲ್ಲವಾ? ಇದ್ದಿಲು ಸಿಗುತ್ತದಾ ಎಂದು ಅಲ್ಲಿ ಅಗೆದ, ಇಲ್ಲಿ ಅಗೆದ. ಅಗೆದಲ್ಲೆಲ್ಲ ಒರತೆಯ ನೀರು ತುಂಬಿಕೊಂಡಿತು.

ಐವತ್ತೇಳರಲ್ಲಿ ಅವನ ಮಗಳು ಕಮಲಳಿಗೆ ಸುಳ್ಯದ ಕಡೆ ಸಂಬಂಧ ಕೂಡಿತು. ಗಂಡಿನ ಮನೆಯಲ್ಲಿ ಮದುವೆ. ಮದುವೆಯ ಹಿಂದಿನ ದಿನ ಪದ್ಮಯ್ಯ ನನ್ನನ್ನು ಕರೆಸಿದ. ಅಂದೇ ಎಲ್ಲವನ್ನೂ ಹೇಳಿದ.

"ಬ್ಯಾರಿಗಳೇ, ನಡೆದು ಹೋಗ್ಲಿಕ್ಕೆ ಆಗುದಿಲ್ಲ. ಹೊತ್ತು ಹಾಕಿದ್ರೆ ಆಗ್ತದೋ ಏನೋ. ನಿಮ್ಮ ಗಾಡಿಯಲ್ಲಿ ಬೈಹುಲ್ಲಿನ ಅಡಿಗೆ ಮಲಗ್ತೇನೆ. ಹಗ್ಗ ಹಾಕಿ ಕಟ್ಟಿ."

ನನಗೆ ನಗು ಬಂತು ಅಂತಲೇ ಹೇಳುತ್ತೇನೆ. ಆದರೂ ಆ ಮುಖ ನೋಡಿ ಒಪ್ಪಿದೆ. ಬೆಳಿಗ್ಗೆ ಅವನನ್ನು ಮಲಗಿಸಿ, ಮೇಲೆ ಹುಲ್ಲು ಹರಡಿ, ಗಾಡಿಯ ಎರಡೂ ಬದಿಗೆ ಹಗ್ಗ ಎಳೆದು ಕಟ್ಟಿದವನು ನಾನೇ. ಕಮಲ ಮದುವೆಯ ಸೀರೆಯಲ್ಲಿ ನನ್ನ ಪಕ್ಕ ಕೂತಳು, ದೇವಕಿ ಹಿಂದಿನಿಂದ ನಡೆದಳು. ಗಾಡಿ ಬರುವಲ್ಲಿ ಇದ್ದ ಬೇಲಿಯ ಬಾಗಿಲು ತೆಗೆದು ದಾಟಿದೆವು. "ಅಪ್ಪ, ದಾಟಿದೆವು" ಎಂದಳು ಕಮಲ. "ಹೌದಾ ಮಗಾ" ಎಂದ ಅವನು. ನಾನು ಕೇಳಿದ್ದೇನೆ ಆ ಮಾತು, ನನ್ನ ಈ ಕಿವಿಯಲ್ಲಿ. ಆದರೆ ಆ ಮಾತು ಬಂದದ್ದು ಹುಲ್ಲಿನ ಅಡಿಯಿಂದಲ್ಲ... ಹಿಂದಿನಿಂದ. ತಿರುಗಿ ನೋಡಿದರೆ ಪದ್ಮಯ್ಯ ಬೇಲಿಯ ಒಳಗೆ ನಿಂತಿದ್ದಾನೆ, ತಲೆಯಲ್ಲಿ ಹುಲ್ಲು. ಗಾಡಿಯ ಹಗ್ಗ ಕಟ್ಟಿದ ಹಾಗೇ ಉಂಟು. ಹುಲ್ಲಿನಲ್ಲಿ ಒಬ್ಬ ಮನುಷ್ಯ ಮಲಗಿದ ಗುಂಡಿಯೂ ಉಂಟು.

ಕಮಲ ಇಳಿಯಲು ಹೋದಳು. ಅವನು ಕೈಯೆತ್ತಿ ತಡೆದ. "ಮುಹೂರ್ತ ಮೀರ್ತದೆ, ಹೋಗಿ" ಎಂದ. ನಾವು ಹೋದೆವು. ಎತ್ತುಗಳು ದಾರಿಯುದ್ದಕ್ಕೂ ನಡುಗುತ್ತಿದ್ದವು.

ಮದುವೆ ಕಳೆದ ಎಂಟನೆಯ ದಿನ ನಾನೇ ಕುಂಬ್ರಕ್ಕೆ ಹೋದೆ. ಯಾರೂ ಕಳಿಸಲಿಲ್ಲ. ಈಶ್ವರಿ ಅಂಗಡಿಯೊಂದರ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಆಳುಗಳು ಹೋಗಿ ಬರ್ತಾರೆ, ಸರಿ. ಆ ಕಲ್ಲಿನ ಜಾಗವನ್ನು ನಾನು ಒಳಗೆ ಹೋಗಿ ತೋರಿಸಿದ್ರೆ, ಹೊರಗೆ ಬರ್ಲಿಕ್ಕೆ ಆಗ್ತದಾ ಬ್ಯಾರಿಗಳೇ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಬಂದಳು. ತಡಮೆಯ ಹೊರಗೆ ತುಂಬ ಹೊತ್ತು ನಿಂತಳು. ಒಳಗಿನಿಂದ ಪದ್ಮಯ್ಯ ಕೈ ಮುಗಿದು ನಿಂತಿದ್ದ. ನಾಲ್ಕೇ ವರ್ಷದಲ್ಲಿ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು.

"ನಿನ್ನ ನೀರಿನಲ್ಲಿ ಬೆಳೆದದ್ದು ನನಗೆ ಇಳಿಯುದಿಲ್ಲ ತಂಗಿ" ಎಂದ.

ಅವಳು ಸೀರೆ ಎತ್ತಿ ಕಟ್ಟಿ ಒಳಗೆ ಇಳಿದಳು. ಗದ್ದೆಯ ಹುಣಿಯಲ್ಲಿ, ಆ ಸಣ್ಣ ಬದುವಿನ ಮೇಲೆ, ನೇರ ನಡೆದು ಒಂದು ಕಡೆ ಹೆಬ್ಬೆರಳು ಊರಿದಳು. "ಇಲ್ಲಿ." ಮೂರು ಅಡಿ ಅಗೆಯುವಾಗ ಮಣ್ಣು ಕಪ್ಪಾಯಿತು. ಇದ್ದಿಲು.

ಆಮೇಲಿನದ್ದನ್ನು ನಾನು ತಡಮೆಯ ಹೊರಗಿನಿಂದ ನೋಡಿದೆ. ಪದ್ಮಯ್ಯ ಒಬ್ಬನೇ ಆ ಕಲ್ಲು ಕಿತ್ತು ಎಳೆಯತೊಡಗಿದ. ಎರಡು ಜನ ಎತ್ತುವ ಕಲ್ಲು ಅಷ್ಟೇ. ಆದರೆ ಅವನು ಮಧ್ಯಾಹ್ನ ಹಿಡಿದವನು ಹೊತ್ತು ಇಳಿಯುವವರೆಗೆ ಎಳೆದ. ಯಾರೂ ಕೈ ಹಾಕಬಾರದೆಂದ. ಇಪ್ಪತ್ತು ಹೆಜ್ಜೆ ದೂರ! ಆಮೇಲೆ ನನಗೆ ಹೇಳಿದ, "ಕುರ್ಚಿ ಹೊತ್ತಾಗ ಇದ್ದ ಅದೇ ಭಾರ ಬ್ಯಾರಿಗಳೇ, ಅಪ್ಪ ಇಳಿಯಲೇ ಇಲ್ಲ."

ಕಲ್ಲು ಗುಂಡಿಗೆ ಕೂತಾಗ ಪದ್ಮಯ್ಯ ಮಂಡಿಯೂರಿದ. ಆಗ ಮೊದಲ ಸಲ ಗೌಡರು ಅವನ ಕಡೆ ಮುಖ ತಿರುಗಿಸಿದರಂತೆ. ಸಿಟ್ಟಿನ ಮುಖವಲ್ಲವಂತೆ. ದಣಿದ ಮುಖ. "ಇನ್ನು ನಾನು ಹೋಗ್ಲಾ?" ಎಂದು ಕೇಳಿದರಂತೆ. ಮಗನ ಹತ್ತಿರ ಅಪ್ಪ ಕೇಳಿದ ಮಾತು ಅದು! ನಾಲ್ಕು ವರ್ಷ ಅಲ್ಲಿ ಕಟ್ಟಿಬಿದ್ದದ್ದು ಒಬ್ಬನಲ್ಲ, ಇಬ್ಬರು. ಪದ್ಮಯ್ಯ ಹೂಂ ಎಂದು ತಲೆಯಾಡಿಸಿದ. ಅವರು ಎದ್ದರು. ಬದುಕಿರುವಾಗ ಕಾಲಿಲ್ಲದವರು ಗದ್ದೆಯ ಹುಣಿಯಲ್ಲಿ ನಡೆದುಕೊಂಡು ಕಾಡಿನ ಕಡೆ ಹೋದರಂತೆ.

ಆ ಸಂಜೆ ಅಣ್ಣ ತಂಗಿ ಇಬ್ಬರೂ ತಡಮೆ ದಾಟಿ ನನ್ನ ಗಾಡಿಯವರೆಗೆ ಬಂದರು. ಪದ್ಮಯ್ಯ ರಸ್ತೆಯ ಧೂಳಿನಲ್ಲಿ ಕೂತು ಅತ್ತ. ಮರುದಿನವೇ ಮಗಳ ಮನೆಗೆ ಹೋಗಿ ಉಂಡು ಬಂದ. ಈಶ್ವರಿ ಒರತೆಯ ಪಕ್ಕ ಮನೆ ಕಟ್ಟಿಕೊಂಡಳು.

ಕುಂಞಿ ಮೋನು ಅಲ್ಲಿಗೆ ನಿಲ್ಲಿಸಿದರು. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ವ್ಯಾಜ್ಯದವರು, "ಹಾಗಾದ್ರೆ ಎಲ್ಲ ಸರಿ ಆಯ್ತಲ್ಲ" ಎಂದರು.

"ಆಯ್ತು" ಎಂದರು ಮುದುಕರು. "ಪದ್ಮಯ್ಯ ಅರುವತ್ತಮೂರರಲ್ಲಿ ಹೋದ. ಈಶ್ವರಿ ಹೋಗಿ ಎರಡು ವರ್ಷ ಆಯ್ತು. ಅವಳು ಆ ಗದ್ದೆಯನ್ನು ಪರಮೇಶ್ವರನ ಮಗಳಿಗೆ ಬಿಟ್ಟಳು. ಈಗ ಆ ಮನೆಯಲ್ಲಿ ಇರುದು ಪದ್ಮಯ್ಯನ ಮಗ ಜತ್ತಪ್ಪ. ಅಪ್ಪನ ಪಾಡನ್ನು ಕಣ್ಣಾರೆ ಕಂಡವನೇ... ಆದ್ರೂ ನೀರು ನೋಡಿದ್ರೆ ಮನುಷ್ಯ ಎಂತ ಮಾಡ್ತಾನೆ? ಹೋದ ವರ್ಷ ಬೇಸಗೆಯಲ್ಲಿ ಕಲ್ಲು ಕಿತ್ತು ಆಚೆ ಹಾಕಿದ. ಉತ್ತ ಕೂಡ."

ವ್ಯಾಜ್ಯದವರು ತಮ್ಮ ಕಾಗದಗಳ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಮುದುಕರು ಮುಂದುವರಿಸಿದರು.

"ಮೊನ್ನೆ ನಾನು ಆ ದಾರಿಯಲ್ಲಿ ಬಂದೆ. ಜತ್ತಪ್ಪ ತಡಮೆಯ ಒಳಗೆ ನಿಂತಿದ್ದ. 'ಬ್ಯಾರಿಗಳೇ, ಅತ್ತೆ ಅವತ್ತು ಬೆರಳು ಊರಿದ್ದು ಎಲ್ಲಿಗೆ? ನಿಮಗೆ ನೆನಪುಂಟಾ?' ಅಂತ ಕೇಳಿದ. ಅವನ ಬೆನ್ನ ಹಿಂದೆ ಬೈಲಿನ ತುದಿ ಕಾಣ್ತಿತ್ತು. ಆ ಕಡೆ ನಾನು ನೋಡ್ಲಿಲ್ಲ. ನೆನಪಿಲ್ಲ ಮಗಾ ಅಂತ ಹೇಳಿ ಬಂದೆ."

ಅವರು ಖಾಲಿ ಗ್ಲಾಸನ್ನು ಕೆಳಗಿಟ್ಟರು.

"ನೆನಪುಂಟು ಮಾರಾಯ್ರೆ. ಚೆನ್ನಾಗಿ ಉಂಟು. ಆದ್ರೆ ತೋರಿಸ್ಬೇಕಾದ್ರೆ ಒಳಗೆ ಕಾಲಿಡ್ಬೇಕಲ್ಲ..."