ನೀನು ಯಾರ ಕಾಗದದಲ್ಲಿ

ಅದೇನೋ ಅಂತಾರಲ್ಲ ಮಾರಿವಿಕ್, ಡಿಪೆ... ಡಿಪೆಂಡೆಂಟು? ಹಾಂ, ಅದೇ. ಈ ದೇಶಕ್ಕೆ ಬಂದು ನಲವತ್ತು ವರ್ಷ ಡೆಲಾನೋದಲ್ಲಿ ದ್ರಾಕ್ಷಿ ಕೊಯ್ದರೂ ಈ ಪದ ನಾಲಿಗೆಗೆ ಹತ್ತಲಿಲ್ಲ ನೋಡು. ನಮ್ಮೂರಲ್ಲಿ ಇದಕ್ಕೊಂದು ಚೆಂದದ ಮಾತಿತ್ತು. ನಮ್ಮ... ನಮ್ಮ ಏನೋ. ಬಿಡು.

ನಿನ್ನ ತೆರಿಗೆ ಫಾರಮ್ಮಿನ ಆ ಚೌಕದಲ್ಲಿ 'ಹೌದು' ಅಂತ ಗುರುತು ಹಾಕು, ಮುಗೀತು. ಇನ್ನೊಬ್ಬರ ಆಸರೆಯಲ್ಲಿ ಓದ್ತಿದ್ದೀನಿ ಅಂತ. ದ್ರಾಕ್ಷಿ ಶೆಡ್ಡಿನ ಸಂಬಳದಲ್ಲಿ ಮುರಿದ ತೆರಿಗೆ ನಿನಗೆ ವಾಪಸ್ ಬರುತ್ತೆ, ಆಗಸ್ಟಿಗೆ ನರ್ಸಿಂಗ್ ಫೀಸು ಕಟ್ಟಬಹುದು. 'ಇಲ್ಲ' ಅಂತ ಹಾಕಿದ್ದಕ್ಕೇ ಕಂಪ್ಯೂಟರು ತಿರುಗಿಸಿ ಎಸೆದದ್ದು. ನಿನ್ನ ನಂಬರು ಆಗಲೇ ಒಬ್ಬರ ಕಾಗದದಲ್ಲಿದೆ ಅಂತ ಪಾಸಿತಾ ಹೇಳಲಿಲ್ಲವಾ? ಬೀದಿಯವರ ತೆರಿಗೆ ಕಾಗದವನ್ನೆಲ್ಲ ಅಡಿಗೆಮನೆ ಮೇಜಿನ ಮೇಲೆ ತುಂಬೋಳು, ಅವಳಿಗೆ ಗೊತ್ತಿಲ್ಲದ್ದೇನು.

ಯಾರ ಕಾಗದ ಅಂದರೆ... ನನ್ನದೇ. ಅಜ್ಜಿಯದಲ್ಲದೆ ಇನ್ಯಾರದು?

ಯಾಕೆ ನಗ್ತೀಯ?

ಓ. ನಿನ್ನ ಹೆಸರಿಲ್ಲದ ನನ್ನ ಕಾಗದ ತೋರಿಸಿಬಿಟ್ಟಳಾ. ಬಾಯಿ ಬಿಗಿಹಿಡಿಯಲಿ ಅಂತ ಹೋದ ವಾರವಷ್ಟೇ ಒಂದು ತಟ್ಟೆ ಪಾನ್ಸಿಟ್ ಶಾವಿಗೆ ಕೊಟ್ಟು ಬಂದಿದ್ದೆ. ತಿಂದ ಬಾಯಲ್ಲೇ ಹೇಳಿದಳು.

ಈ ಮಾಂಸದ ಡಬ್ಬಿಗಳನ್ನ ಪೆಟ್ಟಿಗೆಯ ತಳಕ್ಕೆ ಜೋಡಿಸು, ಊರಲ್ಲಿರೋ ನನ್ನ ತಂಗಿಗೆ ಹಡಗಿನಲ್ಲಿ ಹೋಗಬೇಕು. ಸೋಪಿನ ಡಬ್ಬ ಬಿಚ್ಚಬೇಡ, ಅದನ್ನ ನಾನೇ ಇಡ್ತೀನಿ.

ಸರಿ, ಹೇಳ್ತೀನಿ. ಈ ವರ್ಷ ನಿನ್ನ ಹೆಸರನ್ನ ಎರವಲು ಕೊಟ್ಟೆ. ಯಾರಿಗೆ ಹೆಚ್ಚು ವಾಪಸ್ ಬರುತ್ತೋ ಅವರ ಕಾಗದಕ್ಕೆ ಮಕ್ಕಳನ್ನ ಸೇರಿಸೋದು ಈ ಬೀದೀಲಿ ಹೊಸದಾ? ಬಾಣಲೆ ಕೊಟ್ಟು ತಗೊಂಡ ಹಾಗೆ. ಪರರಿಗೇನು ಕೊಡಲಿಲ್ಲ, ನಿನ್ನ ಅಪ್ಪನಿಗೇ ಕೊಟ್ಟೆ. ಎಡ್ಗಾರ್ಡೊ ರೀನೋದಿಂದ ಫೋನಿನಲ್ಲಿ ಅತ್ತ. ಗಂಡಸು ಅಳೋದು ಕೇಳಿದ್ದೀಯಾ ನೀನು? ಆರು ವರ್ಷದಿಂದ ಮುಖ ತೋರಿಸಿಲ್ಲ, ಒಪ್ಪಿದೆ. ಆದರೂ ತಿಂಗಳಾದರೆ ನಿನಗೊಂದು ಲಕೋಟೆ ಕಳಿಸ್ತಾನಲ್ಲ. ನನಗೆ ಬರೆಯೋ ಪತ್ರದ ಜೊತೆ ಮಡಿಸಿ... ಕಳಿಸ್ತಾನೆ. ಅಷ್ಟು ಮಾಡೋನಿಗೆ ಹಕ್ಕಿಲ್ಲವಾ?

ಆ ಸೋಪಿನ ಡಬ್ಬ ಬಿಚ್ಚಬೇಡ ಅಂದೆನಲ್ಲ.

ಮಾರಿವಿಕ್.

ಬೈ. ಮುದುಕಿಗೆ ಬುದ್ಧಿ ಕೆಟ್ಟಿದೆ ಅನ್ನು.

ಸೋಪಿನ ವಾಸನೆ ಹೊಡೀತಿದ್ದವಾ ಆ ಲಕೋಟೆಗಳು? ನೀನು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, ಅಪ್ಪನ ಮನೇಲೂ ಇದೇ ಸೋಪಾ ಅಂತ. ಹೌದು ಅಂದೆ ನಾನು. ಮೇ, ಜೂನ್, ಜುಲೈ... ಮುಂದಿನ ತಿಂಗಳುಗಳ ಲಕೋಟೆಗಳನ್ನೆಲ್ಲ ಮೊದಲೇ ಬರೆದು ಈ ಡಬ್ಬದಲ್ಲಿ ಇಟ್ಟಿದ್ದೆ. 'ಮಗಳಿಗೆ, ಅಪ್ಪನಿಂದ.' ಎಡಗೈಯಲ್ಲಿ. ಬಲಗೈ ಅಕ್ಷರ ನೀನು ಗುರುತು ಹಿಡೀತಿದ್ದೆ.

ಇಲ್ಲ. ಅವನು ಒಂದು ಸಲವೂ ಕಳಿಸಲಿಲ್ಲ.

ಹಾಗೆ ನೋಡಬೇಡ.

ನನ್ನ ಕಾಗದ ತಿದ್ದಬಹುದಂತೆ, ಪಾಸಿತಾ ಅಂದಳು. ತಿದ್ದಿದರೆ ಅವನಿಗೆ ನೋಟೀಸು ಹೋಗುತ್ತೆ, ತಗೊಂಡದ್ದನ್ನ ಕಕ್ಕಬೇಕು. ಆಮೇಲೆ ಅಳೋಕೂ ಫೋನು ಮಾಡೋದಿಲ್ಲ ನನ್ನ ಮಗ.

ಪೆನ್ನು ತಗೋ, ನನ್ನ ಕಾಗದ ತಿದ್ದೋಣ. ಯಾರ ಮನೆಯಲ್ಲಿ ಎಷ್ಟು ತಿಂಗಳಿದ್ದಳು ಅಂತ ಕೇಳುತ್ತಲ್ಲ, ಅಲ್ಲಿ ನನ್ನ ಹೆಸರು. ಹನ್ನೆರಡು ತಿಂಗಳು. ಆಮೇಲೆ ನಿನ್ನ ಚೌಕದಲ್ಲಿ 'ಹೌದು' ಅಂತ ಹಾಕು. ಆಗ ಅದು ಸುಳ್ಳಾಗೋದಿಲ್ಲ.

ನೆನಪಾಯಿತು ನಮ್ಮೂರಿನ ಆ ಮಾತು. ಸಾಕಿದ ಹುಡುಗಿಯನ್ನ ಯಾರಾದರೂ ನೀನು ಯಾರವಳು ಅಂತ ಕೇಳಿದರೆ ನಮ್ಮವ್ವ ಅಂತಿದ್ದಳು, 'ನಮ್ಮ ಗಡಿಗೆಯವಳು.' ಫಾರಮ್ಮಲ್ಲಿ ಅದಕ್ಕೆ ಜಾಗ ಇರಲಿಕ್ಕಿಲ್ಲ. ಅಂಚಿನಲ್ಲಾದರೂ ಬರಿ, ಮಗಳೇ. ನನ್ನ ಯಾವ ಕೈಯನ್ನೂ ಇನ್ನು ನೀನು ನಂಬೋದಿಲ್ಲ. ನೀನೇ ಬರಿ.