ನಾನು ಓದದೆ ಬಿಟ್ಟ ಸಾಲು

ವೇದಿಕೆಯ ಮೇಲಿರುವ ವಿದ್ಯುತ್ ಮಂಡಳಿಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಇಂಧನ ಇಲಾಖೆಯ ಕಾರ್ಯದರ್ಶಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸಾಹೇಬರೇ, ಅವರ ಮನೆಯವರೇ, ಇಂಜಿನಿಯರುಗಳೇ, ಲೈನ್‌ಮನ್ ಅಣ್ಣಂದಿರೇ, ಕೊನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅಮ್ಮನೇ ಮತ್ತು ಸಭಿಕರೇ,

ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಎದುರು ‘ಸಿಬ್ಬಂದಿಯ ಪರವಾಗಿ, ಎರಡು ನಿಮಿಷ’ ಎಂದು ಬರೆದಿದೆ. ನಾನು ಕಡತ ಹೊರುವವಳು. ಮಂಡಳಿಯ ಕಟ್ಟಡದಿಂದ ರಸ್ತೆ ದಾಟಿ, ಎದುರಿನ ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯ ಸಾಹೇಬರ ಕೊಠಡಿಗೆ ಒಂಬತ್ತು ವರ್ಷದಿಂದ ಕಡತ ಹೊತ್ತಿದ್ದೇನೆ. ಮೈಕಿನ ಮುಂದೆ ನಿಂತಿರುವುದು ಇದೇ ಮೊದಲು. ಮೈಕು ಎತ್ತರಕ್ಕಿದೆ, ಮೇಜಿಗೆ ಹೊದಿಸಿದ ಬಟ್ಟೆಯ ಹಿಂದೆ ತುದಿಗಾಲಲ್ಲಿ ನಿಂತಿದ್ದೇನೆ. ಕಂಡರೆ ದಯವಿಟ್ಟು ನೋಡಬೇಡಿ.

ನನಗಿಂತ ಮೊದಲು ಮಾತನಾಡಿದವರು ಸಾಹೇಬರ ಒಳ್ಳೆಯತನವನ್ನು ಹೇಳಿದರು. ನಾನು ಅವರ ಸೇವಾ ಪುಸ್ತಕದಲ್ಲಿರುವ ಒಂದು ಸಾಲಿನ ವಿಷಯ ಹೇಳಬೇಕು. ‘ಕಡತವನ್ನು ಪರಿಶೀಲಿಸದೆ ಒಪ್ಪಿಗೆ ನೀಡಿರುತ್ತಾರೆ’ ಎಂಬ ಸಾಲು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅದೊಂದೇ ಕಪ್ಪು ಚುಕ್ಕೆ. ಇಂದು ಸಂಜೆ ಐದೂವರೆಗೆ ಆ ಪುಸ್ತಕ ಮುಚ್ಚುತ್ತದೆ. ಆಮೇಲೆ ಅದನ್ನು ತಿದ್ದುವವರು ಯಾರು?

ಸಾಹೇಬರ ಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಮಂಡಳಿಯವರು ಕಂಬ ನೆಡಲಿ, ಲೈನ್ ಕೀಳಲಿ, ಒಂದು ಬಡಾವಣೆಗೆ ವಾರಗಟ್ಟಲೆ ಕರೆಂಟು ನಿಲ್ಲಿಸಲಿ, ಸರ್ಕಾರದ ಪರವಾಗಿ ಸಾಹೇಬರು ನೋಡಿ ಒಪ್ಪಬೇಕು. ಹತ್ತು ದಿನದೊಳಗೆ ಅವರು ಏನೂ ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ಒಪ್ಪದಿದ್ದರೆ ಕಡತ ವಾಪಸು. ಆ ವಾಪಸು ಕಡತ ಹೊತ್ತು ನಾನು ಮಂಡಳಿಯ ಬಾಗಿಲಲ್ಲಿ ಕಂಡರೆ ಸಾಕು, ಅಲ್ಲಿನವರು “ಬಂದ್ಲು ನೋಡಪ್ಪಾ! ಏನಂತಮ್ಮ ಇವತ್ತು, ನಿಮ್ಮ ಫ್ಯೂಸ್ ಸಾಹೇಬ್ರದು?” ಎನ್ನುತ್ತಿದ್ದರು. ಮುಂದಿನ ಸಾಲಿನವರು ನಗುತ್ತಿದ್ದೀರಿ. ನಗಿ. ಆದರೆ ಕಡತಗಳು ಏಕೆ ವಾಪಸು ಬರುತ್ತಿದ್ದವು? ಸಾಹೇಬರ ಮೊಂಡುತನದಿಂದಲೇ? ಅಲ್ಲ, ನನ್ನಿಂದ.

ನಾನು ಓದಿದ್ದು ನಾಲ್ಕನೆಯ ತರಗತಿ. ತಂಗಿ ಹುಟ್ಟಿದಳು, ಅಮ್ಮ ಕಚೇರಿ ಗುಡಿಸಲು ಹೋಗಬೇಕಿತ್ತು, ಮಗುವನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಿತ್ತು. ನನ್ನದು ಸಿಕ್ಕಿತು. ಬೆಳೆದ ಮೇಲೆ ಅಮ್ಮನೇ ನನ್ನನ್ನು ಈ ಕೆಲಸಕ್ಕೆ ಸೇರಿಸಿದಳು. “ಬಾಯಿ ಬಿಟ್ರೆ ಬಣ್ಣಗೇಡು, ತಲೆ ತಗ್ಗಿಸ್ಕೊಂಡು ಹೋಗಿ ಬಾ” ಎಂದಿದ್ದಳು. ಹಾಗೆಯೇ ಹೋದೆ. ಮೊದಲ ವಾರವೇ ಸಾಹೇಬರು, “ಕೂತ್ಕೊಳಮ್ಮ, ಇದನ್ನ ಓದು” ಎಂದರು.

“ನಂದು ನಾಲ್ಕನೇ ಕ್ಲಾಸು ಸಾರ್.”

“ಅದಕ್ಕೇ ಓದು ಅಂದಿದ್ದು. ಓದಿ, ನಿಮ್ಮಮ್ಮಂಗೆ ಹೇಳೋ ಥರ ಹೇಳು. ಕರೆಂಟ್ ಹೋಗೋ ಮನೆಯವ್ರಿಗೆ ಅರ್ಥ ಆಗದೆ ಇರೋ ತೀರ್ಮಾನ, ಮಾಡಿದವ್ರಿಗೂ ಅರ್ಥ ಆಗಿರಲ್ಲ.”

ಅಂದಿನಿಂದ ದಿನವೂ ಹನ್ನೊಂದು ಗಂಟೆಗೆ ನಾನು ಓದುವುದು, ಅವರು ಕೇಳುವುದು, ಆಮೇಲೆ ಅವರೂ ಒಮ್ಮೆ ಓದುವುದು. ನನಗೆ ತಿಳಿಯದಿದ್ದರೆ ಅಂಚಿನಲ್ಲಿ ‘ಸ್ಪಷ್ಟಪಡಿಸಿ’ ಎಂದು ಬರೆಯುತ್ತಿದ್ದರು. ಇಂಜಿನಿಯರುಗಳೇ, ನಿಮ್ಮ ಎಷ್ಟೋ ಕಡತಗಳನ್ನು ವಾಪಸು ಕಳಿಸಿದ್ದು ನಾಲ್ಕನೆಯ ತರಗತಿ. ಕ್ಷಮಿಸಿ. ನೀವು ಮತ್ತೆ ಬರೆದಾಗ ಚೆನ್ನಾಗಿಯೇ ಬರೆಯುತ್ತಿದ್ದಿರಿ.

ಎರಡು ವರ್ಷದ ಹಿಂದೆ ಸಾಹೇಬರ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ರಜೆ ಹಾಕಿ ಎಂದರು ಡಾಕ್ಟರು. “ನಾನು ಮಲಗಿದ್ರೆ ಹತ್ತು ದಿನ ನಿಲ್ಲುತ್ತೇನ್ರೀ?” ಎಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದರು. ಅಯ್ಯೋ, ಇದನ್ನು ಹೇಳಬಾರದಿತ್ತೇನೋ. ಕಣ್ಣಿಗೆ ಶ್ರಮ ಕೊಡಬಾರದೆಂದು ಆ ವಾರ ಅವರು ಓದುತ್ತಿರಲಿಲ್ಲ. ನಾನೊಬ್ಬಳೇ ಓದುತ್ತಿದ್ದೆ.

ಆಗಲೇ ಒಂದು ಬಡಾವಣೆಯ ಹಳೆಯ ಲೈನ್ ಬದಲಿಸಲು ಆರು ದಿನ ಕರೆಂಟು ನಿಲ್ಲಿಸುವ ಕಡತ ಬಂತು. ಅವಸರದ ಕೆಲಸವೆಂದು ಇಬ್ಬರು ಇಂಜಿನಿಯರುಗಳೂ ಜೊತೆಗೆ ಬಂದು ಕುಳಿತರು. ನಾನು ಓದುವುದನ್ನು ಹೊರಗಿನವರು ಅದುವರೆಗೆ ಕೇಳಿರಲಿಲ್ಲ. ಒಬ್ಬರು ಗಡಿಯಾರ ನೋಡಿದರು, ಇನ್ನೊಬ್ಬರು ನನ್ನ ಚಪ್ಪಲಿ ನೋಡಿದರು. ಎರಡನೆಯ ಪುಟದಲ್ಲಿ, ‘ಪರ್ಯಾಯ ಸರಬರಾಜು ಲಭ್ಯತೆಗೆ ಒಳಪಟ್ಟಿರುತ್ತದೆ’ ಎಂದಿತ್ತು. ನಾಲಿಗೆ ತೊಡರುತ್ತದೆಂದು ಕಣ್ಣಿಗೇ ಗೊತ್ತಾಯಿತು. ಆ ಸಾಲನ್ನು ಹಾರಿಬಿಟ್ಟೆ.

“ಅಷ್ಟೇನಾ?” ಎಂದರು ಸಾಹೇಬರು.

“ಅಷ್ಟೇ ಸಾರ್. ಆರು ದಿನ ಬೇರೆ ಕಡೆಯಿಂದ ಕರೆಂಟ್ ಕೊಡ್ತಾರಂತೆ.”

ಅವಸರದಲ್ಲಿದ್ದ ಇಂಜಿನಿಯರುಗಳೂ ತಿದ್ದಲಿಲ್ಲ, ಸಾಹೇಬರು ಸಹಿ ಹಾಕಿದರು. ಆ ಸಾಲಿನ ಅರ್ಥವೇನು? ಬೇರೆ ಕಡೆ ಕರೆಂಟಿದ್ದರೆ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು. ಇರಲಿಲ್ಲ. ಆರು ದಿನ ನೀರಿನ ಪಂಪು ತಿರುಗಲಿಲ್ಲ. ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಲಸಿಕೆಯೆಲ್ಲ ಕೆಟ್ಟಿತು. ನರ್ಸಮ್ಮ ಕಚೇರಿಗೇ ಬಂದು, “ಎಳೆ ಮಕ್ಕಳನ್ನ ವಾಪಸ್ ಕಳಿಸಿದೀನಿ ಕಣ್ರೀ, ನಿಮಗೆ ಕಾಗದ ಓದೋಕೆ ಬರಲ್ವಾ?” ಎಂದು ಕೂಗಿದರು. ವಾಪಸು ಹೋದವರಲ್ಲಿ ನನ್ನ ತಂಗಿಯೂ ಇದ್ದಳು, ಮೂರು ತಿಂಗಳ ಮಗುವನ್ನು ಎತ್ತಿಕೊಂಡು.

ಅಂದೇ ಹೋಗಿ ಸಾಹೇಬರಿಗೆ ಹೇಳಿಬಿಟ್ಟೆ. ಬೈಯಲಿಲ್ಲ. “ಯಾವ ಸಾಲು, ತೋರಿಸು” ಎಂದರು. ತೋರಿಸಿದೆ. ಇನ್ನೊಂದು ಕಣ್ಣಿಗೆ ಹತ್ತಿರ ಹಿಡಿದು ಓದಿ, ಅರ್ಥ ಹೇಳಿಕೊಟ್ಟರು. ಆಮೇಲೆ, “ತೊದಲು, ಪರವಾಗಿಲ್ಲ. ಹಾರಬೇಡ” ಎಂದರು. ಆಮೇಲೆ ಇಲಾಖೆ ನಡೆಸಿದ ವಿಚಾರಣೆಗೆ ಅವರು ಬರೆದ ಉತ್ತರವನ್ನು ಹೊತ್ತವಳೂ ನಾನೇ. ಮೆಟ್ಟಿಲ ಮೇಲೆ ನಿಂತು ಓದಿದೆ. ‘ತಪ್ಪು ನನ್ನದು’ ಎಂದಷ್ಟೇ ಇತ್ತು. ನನ್ನ ಹೆಸರಿರಲಿಲ್ಲ. ಓಡಿ ವಾಪಸು ಹೋಗಿ, “ಹೀಗ್ಯಾಕೆ ಬರೆದ್ರಿ ಸಾರ್?” ಎಂದೆ. “ನಂಗೆ ಹೋದ್ರೆ ಒಂದು ಬಡ್ತಿ, ನಿಂಗೆ ಹೋದ್ರೆ ಅನ್ನ. ತಗೊಂಡ್ಹೋಗು” ಎಂದರು. ತೆಗೆದುಕೊಂಡು ಹೋಗಿ ಕೊಟ್ಟೆ. ಎರಡು ವರ್ಷ ಬಾಯಿ ಮುಚ್ಚಿಕೊಂಡು ಅನ್ನ ತಿಂದೆ.

ಕಾರ್ಯದರ್ಶಿಗಳೇ, ಸೇವಾ ಪುಸ್ತಕದ ಆ ಸಾಲು ಬರೆದವರು ನೀವು. ನಿಮಗೆ ಗೊತ್ತಿರಲಿಲ್ಲ, ತಪ್ಪು ನಿಮ್ಮದಲ್ಲ. ಆದರೆ ಸಾಹೇಬರು ಪರಿಶೀಲಿಸದೆ ಸಹಿ ಹಾಕಲಿಲ್ಲ. ಅಂದಿನ ಅವರ ಪರಿಶೀಲನೆ ನಾನೇ ಆಗಿದ್ದೆ, ಸುಳ್ಳಾಡಿದ್ದೂ ನಾನೇ. ನಡೆದದ್ದನ್ನೆಲ್ಲ ಈ ಕಾಗದದಲ್ಲಿ ಬರೆದು, ನನ್ನ ಹೆಸರು ಹಾಕಿ ಸಹಿ ಮಾಡಿದ್ದೇನೆ. ಅಕ್ಷರ ಸೊಟ್ಟಗಿದೆ, ವಿಷಯ ನೆಟ್ಟಗಿದೆ.

ಸಾಹೇಬರು ಬೇಡ ಬೇಡವೆಂದು ಕೈ ಅಲ್ಲಾಡಿಸುತ್ತಿದ್ದಾರೆ, ಕೊರಳ ಹಾರ ಜಾರುತ್ತಿದೆ. ಅಮ್ಮ ಅಲ್ಲಿಂದ ‘ಇಳಿಯೇ’ ಎಂದು ಸನ್ನೆ ಮಾಡುತ್ತಿದ್ದಾಳೆ. ಇಳಿಯುತ್ತೇನಮ್ಮ. ಸಾರ್, ದಯವಿಟ್ಟು ಕುಳಿತುಕೊಳ್ಳಿ. ಈ ಒಂದು ಕಾಗದ ನಿಮ್ಮ ಮೇಜಿಗೆ ಬರುವುದಿಲ್ಲ. ಇದನ್ನು ನೇರವಾಗಿ ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇನೆ.

ಕೊಟ್ಟೆ.

ಎರಡು ನಿಮಿಷ ಕೊಟ್ಟ ಅಧ್ಯಕ್ಷರಿಗೂ, ಹೆಚ್ಚು ತೆಗೆದುಕೊಂಡರೂ ಸುಮ್ಮನಿದ್ದ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.