ತುಳಿಯಲು ಬಾರದ ಆನೆ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾನು ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಜ್ಜಿಯೊಬ್ಬರು ನಿದ್ದೆಹೋದ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಊರಿನ ಪರಿಚಯದ ಹೆಂಗಸಿನೊಡನೆ ಮಾತಾಡುತ್ತಿದ್ದರು.

"ನಾಯಿ ಅಟ್ಟಿಸಿಕೊಂಡು ಬಂದಾಗಿಂದ ಕೂಸು ಬೆಚ್ಚಿ ಬೀಳ್ತದೆ ನಾಗವೇಣಿ. ಆನೆ ಹೊಟ್ಟೆ ಅಡಿ ದಾಟಿಸಿದ್ರೆ ಹೆದರಿಕೆ ಹೋಗ್ತದಲ್ಲ, ಅದಕ್ಕೇ ದೇವಸ್ಥಾನಕ್ಕೆ ಹೋಗಿದ್ದೆ."

"ಅಲ್ಲೀಗ ರೋಬೋಟ್ ಆನೆ ಅಲ್ವಾ ಜಲಜಕ್ಕ?"

"ಹೌದು ಮಾರಾಯ್ತಿ. ಕಿವಿ ಬೀಸ್ತದೆ, ಸೊಂಡಿಲೆತ್ತಿ ಆಶೀರ್ವಾದ ಮಾಡ್ತದೆ. ಭಟ್ರು ಇದರಡಿಯೇ ದಾಟಿಸಿ ಅಂದ್ರು."

"ದಾಟಿಸಿದ್ರಾ?"

"ಮೂರು ಸಲ. ಕೂಸು ಮೇಲೆ ನೋಡಿ, ಅಜ್ಜಿ, ಇಲ್ಲಿ ಚಾರ್ಜರ್ ವಯರ್ ಇದೆ ಅಂತು."

"ಭಟ್ರಿಗೆ ಏನಂದ್ರಿ?"

"ನಿಮ್ಮ ಜಾಗಕ್ಕೂ ಒಂದು ರೋಬೋಟ್ ತರಿಸಿ, ದಕ್ಷಿಣೆ ಕೇಳದ್ದು ಅಂದೆ."

"ಆದ್ರೂ ಜೀವ ಇರೋ ಆನೆಗೆ ಸರಪಳಿ ತಪ್ತಲ್ಲ."

"ತಪ್ಪಲಿ, ಅದು ಒಳ್ಳೇದೇ. ಆದ್ರೆ ಇದಕ್ಕೆ ತುಳಿಯೋಕೇ ಬರಲ್ಲ. ತುಳಿಯಬಲ್ಲದ್ದು ತುಳಿಯದೆ ಬಿಟ್ರೆ ತಾನೆ ಹೆದರಿಕೆ ಹೋಗೋದು?"

ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು.

"ಎಲ್ಲಿಗೆ ಅಜ್ಜಿ?" ಎಂದು ಕಂಡಕ್ಟರ್ ಕೇಳಿದರು.

"ಸಕ್ರೆಬೈಲು, ಆನೆ ಬಿಡಾರದ ಹತ್ರ ಇಳಿಸು."

ಹುಡುಗಿಗೆ ಎಚ್ಚರವಾಗಿತ್ತು. "ಅಜ್ಜಿ, ಆ ಆನೆ ತುಳೀತದಾ?"

"ತುಳೀಬಹುದು. ತುಳಿಯಲ್ಲ."

ಹುಡುಗಿ ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದು ಬಸ್ಸು ಹತ್ತಿದಳು.